ನಾಯಿಮರಿಯ ಮಲದಲ್ಲಿ ಮೈಕ್ರೋಸ್ಪೋರಿಡಿಯಾ ಸಿಕ್ಕಿದೆ, ಮನೆಯಲ್ಲಿ ಕಿಡ್ನಿ ಕಸಿಯಾದ ಅಪ್ಪ ಇದ್ದಾರೆ: ಏನು ಮಾಡಬೇಕು?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಗೆ ನಾಲ್ಕು ತಿಂಗಳ ನಾಯಿಮರಿ ಬಂದಿದೆ. ಬಂದಾಗಿನಿಂದ ಆಗಾಗ ತೆಳ್ಳಗೆ ಮಲ ಹಾಕುತ್ತಿದೆ, ಎರಡು ದಿನ ಸರಿ ಇದ್ದರೆ ಮೂರನೇ ದಿನ ಮತ್ತೆ ಅದೇ. ಮಲದ ಪಿಸಿಆರ್ (ರೋಗಾಣುವಿನ ಡಿಎನ್‌ಎ ಹುಡುಕುವ) ಪರೀಕ್ಷೆ ಮಾಡಿಸಿದಾಗ ‘ಎಂಟೆರೋಸೈಟೋಜೂನ್ ಬಿಯೆನ್ಯೂಸಿ: ಪಾಸಿಟಿವ್’ ಅಂತ ಬಂತು. ಹುಡುಕಿ ಓದಿದರೆ ಇದು ಮೈಕ್ರೋಸ್ಪೋರಿಡಿಯಾ ಜಾತಿಯ ಪರಾವಲಂಬಿ, ಪ್ರಾಣಿಯಿಂದ ಮನುಷ್ಯರಿಗೆ ಬರುತ್ತದೆ, ಔಷಧವೇ ಇಲ್ಲ ಅಂತೆಲ್ಲ ಇದೆ. ಅಪ್ಪನಿಗೆ ಎಂಟು ತಿಂಗಳ ಹಿಂದೆ ಕಿಡ್ನಿ ಕಸಿ ಆಗಿದೆ, ಇಮ್ಯುನಿಟಿ ತಗ್ಗಿಸುವ ಟ್ಯಾಕ್ರೋಲಿಮಸ್ ಮತ್ತು ಮೈಕೋಫಿನೋಲೇಟ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಗಳಿಗೆ ನಾಲ್ಕು ವರ್ಷ. ಒಂದು ಮೊಲವೂ ಇದೆ. ಅಣ್ಣ ‘ಇವತ್ತೇ ನಾಯಿ ಕಳಿಸು’ ಅನ್ನುತ್ತಾನೆ. ಗೊತ್ತಿರುವವರೊಬ್ಬರು ಮನೆಯವರೆಲ್ಲ ಜಂತುಹುಳುವಿನ ಮಾತ್ರೆ ತಗೊಳ್ಳಿ ಅಂದರು. ನಾಯಿಯನ್ನು ಇಟ್ಟುಕೊಳ್ಳಬಹುದಾ? ಅಂದ ಹಾಗೆ ರಿಪೋರ್ಟಿನಲ್ಲಿ ಜಿಯಾರ್ಡಿಯಾ ಅನ್ನುವ ಇನ್ನೊಂದು ಕರುಳಿನ ಪರಾವಲಂಬಿ ಪಾಸಿಟಿವ್ ಅಂತಲೂ ಇದೆ, ಅದು ಮಾಮೂಲಿ ಅಂತ ಬಿಟ್ಟಿದ್ದೇವೆ.

ಉತ್ತರ: ‘ಅಂದ ಹಾಗೆ’ ಅಂತ ಕೊನೆಗೆ ಸೇರಿಸಿದ್ದೀರಲ್ಲ, ಆ ಸಾಲಿನಿಂದಲೇ ಶುರು ಮಾಡುತ್ತೇನೆ. ಮರಿಯ ಭೇದಿಗೆ ಕಾರಣ ಹುಡುಕುವಾಗ ನಾನು ಮೊದಲು ನೋಡುವುದು ಆ ಜಿಯಾರ್ಡಿಯಾವನ್ನು. ನಿಮ್ಮ ನಿದ್ದೆ ಕೆಡಿಸಿರುವ ಬಿಯೆನ್ಯೂಸಿಯನ್ನಲ್ಲ. ಬಿಯೆನ್ಯೂಸಿ ಸಿಕ್ಕ ನಾಯಿಗಳಲ್ಲಿ ಹೆಚ್ಚಿನವಕ್ಕೆ ಯಾವ ತೊಂದರೆಯೂ ಇರುವುದಿಲ್ಲ, ಗಟ್ಟಿ ಮಲ ಹಾಕಿಕೊಂಡು ಚೆನ್ನಾಗಿ ತಿಂದು ಓಡಾಡುವ ನಾಯಿಯಲ್ಲೂ ಸಿಗುತ್ತದೆ. ಆದರೆ ಎರಡು ದಿನ ಸರಿ, ಮೂರನೇ ದಿನ ಮತ್ತೆ ಲೋಳೆಲೋಳೆ, ಕೆಟ್ಟ ನಾತ, ಇದು ಮರಿಗಳಲ್ಲಿ ಜಿಯಾರ್ಡಿಯಾ ಕಾಣಿಸಿಕೊಳ್ಳುವ ರೀತಿಯೇ. ನಿಮ್ಮ ಪಶುವೈದ್ಯರು ತೂಕ ನೋಡಿ ಕೆಲವು ದಿನ ಫೆನ್‌ಬೆಂಡಜೋಲ್ ಅನ್ನುವ ಔಷಧಿ ಕೊಡುತ್ತಾರೆ. ಆ ಕೋರ್ಸಿನ ಕೊನೆಯ ದಿನ ಮರಿಗೆ ಶಾಂಪೂ ಹಾಕಿ ಸ್ನಾನ ಮಾಡಿಸಿ. ಬಾಲದ ಬುಡದಲ್ಲಿ, ಹಿಂಗಾಲಿನ ಕೂದಲಿನಲ್ಲಿ ಒಣಗಿ ಅಂಟಿದ ಮಲ ಇರುತ್ತದೆ, ಅದರೊಳಗೆ ಜಿಯಾರ್ಡಿಯಾದ ಸಿಸ್ಟ್‌ಗಳು, ಅಂದರೆ ಗಟ್ಟಿ ಕವಚದ ಸೋಂಕು ರೂಪಗಳು, ಕೂತಿರುತ್ತವೆ. ಮರಿ ಅದನ್ನು ನೆಕ್ಕಿ ಮತ್ತೆ ಸೋಂಕು ಹತ್ತಿಸಿಕೊಳ್ಳುತ್ತದೆ. ಔಷಧಿ ಕೆಲಸ ಮಾಡಲಿಲ್ಲ ಅಂತ ದೂರುವವರ ಮನೆಯಲ್ಲಿ ಎಷ್ಟೋ ಸಲ ಆಗಿರುವುದು ಇಷ್ಟೇ.

ಈಗ ನಿಮ್ಮ ಭಯದ ವಿಷಯ. ನೀವು ಕೇಳಿರುವುದು ನಾಯಿಯ ಬಗ್ಗೆ, ಆದರೆ ನಿಜವಾದ ಪ್ರಶ್ನೆ ಅಪ್ಪನದು, ಅಲ್ವಾ? ಈ ಪರಾವಲಂಬಿಯ ವಿಷಯದಲ್ಲಿ ಅಪಾಯ ಎಷ್ಟು ಅನ್ನುವುದನ್ನು ನಾಯಿಗಿಂತ ಜಾಸ್ತಿ ನಿರ್ಧರಿಸುವುದು ಅದು ಯಾರ ಹೊಟ್ಟೆಗೆ ಹೋಗುತ್ತದೆ ಅನ್ನುವುದು.

ಮೈಕ್ರೋಸ್ಪೋರಿಡಿಯಾ ಅಂದರೆ ಒಂದೇ ಜೀವಿಯಲ್ಲ, ದೊಡ್ಡ ಗುಂಪು. ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಕೀಟ, ಮೀನು, ಹಕ್ಕಿ, ಸಸ್ತನಿ, ಯಾವುದನ್ನೂ ಬಿಟ್ಟಿಲ್ಲ. ಮೊದಲು ಹೆಸರು ಪಡೆದದ್ದು 1857ರಲ್ಲಿ, ರೇಷ್ಮೆಹುಳುವಿನ ಗಂಟುರೋಗಕ್ಕೆ ಕಾರಣವಾದದ್ದು. ಫ್ರಾನ್ಸಿನ ರೇಷ್ಮೆ ಉದ್ಯಮ ಅದರಿಂದ ನೆಲಕಚ್ಚುವ ಹಂತಕ್ಕೆ ಹೋದಾಗಲೇ ಲೂಯಿ ಪಾಶ್ಚರ್ ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆ ಮಾತ್ರ ಆರಿಸುವ ಪದ್ಧತಿ ತಂದಿದ್ದು. ಇಷ್ಟೊಂದು ಪ್ರಭೇದಗಳಲ್ಲಿ ಮನುಷ್ಯರಲ್ಲಿ ಕಂಡಿರುವುದು ಹದಿನೇಳರ ಆಸುಪಾಸು. ಕರುಳಿನ ಮಟ್ಟಿಗೆ ಮುಖ್ಯವಾದವು ಎರಡು: ನಿಮ್ಮ ರಿಪೋರ್ಟಿನಲ್ಲಿರುವ ಬಿಯೆನ್ಯೂಸಿ, ಮತ್ತು ಎನ್‌ಸೆಫಾಲಿಟೋಜೂನ್ ಇಂಟೆಸ್ಟಿನಾಲಿಸ್. ಹಿಂದೆ ಇವನ್ನು ಪ್ರೋಟೋಜೋವಾ ಅಂತ ಸೇರಿಸುತ್ತಿದ್ದರು. ಈಗ ಶಿಲೀಂಧ್ರಗಳ ಹತ್ತಿರದ ಬಂಧುಗಳು ಅಂತ ಒಪ್ಪಿಕೊಂಡಿದ್ದಾರೆ. 

ಮಲದಲ್ಲಿ ಹೊರಬರುವುದು ಇವುಗಳ ಸ್ಪೋರ್, ಅಂದರೆ ಬೀಜಕಣ. ಬಿಯೆನ್ಯೂಸಿಯ ಸ್ಪೋರ್ ಒಂದೂವರೆ ಮೈಕ್ರಾನ್ ಉದ್ದವೂ ಇರುವುದು ಕಷ್ಟ, ಬ್ಯಾಕ್ಟೀರಿಯಾದಷ್ಟು ಚಿಕ್ಕದು. ಸುತ್ತ ಗಟ್ಟಿ ಗೋಡೆ, ಒಳಗೆ ಸುರುಳಿ ಸುತ್ತಿದ ಒಂದು ಕೊಳವೆ. ನುಂಗಿದ ಸ್ಪೋರ್ ಸಣ್ಣ ಕರುಳಿಗೆ ಬಂದಾಗ ಆ ಕೊಳವೆ ಕ್ಷಣಾರ್ಧದಲ್ಲಿ ಚಿಮ್ಮಿ, ಇಂಜೆಕ್ಷನ್ ಸೂಜಿಯ ಹಾಗೆ ಪಕ್ಕದ ಜೀವಕೋಶಕ್ಕೆ ಚುಚ್ಚಿ, ಸ್ಪೋರಿನ ಒಳಗಿನ ಸರಕನ್ನೆಲ್ಲ ಅಲ್ಲಿಗೆ ಸಾಗಿಸುತ್ತದೆ. ಜೀವಕೋಶದ ಒಳಗೇ ಕೂತು ಬೆಳೆಯುತ್ತದೆ, ಕೋಶ ಒಡೆದಾಗ ಹೊಸ ಸ್ಪೋರ್‌ಗಳು ಹೊರಬೀಳುತ್ತವೆ. ಆರೋಗ್ಯವಾಗಿರುವವರಲ್ಲಿ ಇದಕ್ಕೆ ಕಡಿವಾಣ ಹಾಕುವುದು ಟಿ ಕೋಶಗಳು ಅನ್ನುವ ಇಮ್ಯುನಿಟಿಯ ಬಿಳಿ ರಕ್ತಕಣಗಳು. ಕಸಿಯಾದವರಿಗೆ ಕೊಡುವ ಔಷಧಿಗಳು ತಡೆದು ಹಿಡಿಯುವುದೂ ಅವನ್ನೇ. ಅಪ್ಪನ ವಿಷಯದಲ್ಲಿ ಹುಷಾರಾಗಿರಬೇಕು ಅನ್ನುವುದು ಅದಕ್ಕೇ.

ರಿಪೋರ್ಟಿನ ‘ಪಾಸಿಟಿವ್’ ಅಂದರೆ ನಿಖರವಾಗಿ ಏನು? ಆ ಮಲದಲ್ಲಿ ಬಿಯೆನ್ಯೂಸಿಯ ಡಿಎನ್‌ಎ ಇತ್ತು, ಅಷ್ಟೇ. ಅದು ನಿಮ್ಮ ಮರಿಯ ಕರುಳಿನಲ್ಲಿ ಬೆಳೆಯುತ್ತಿರಬಹುದು. ಇಲ್ಲವೇ ಮರಿ ಹೊರಗೆ ಬೇರೆ ಯಾವುದೋ ಪ್ರಾಣಿಯ ಸಗಣಿಗೋ ಹಿಕ್ಕೆಗೋ ಬಾಯಿ ಹಾಕಿ, ಆ ಸ್ಪೋರ್‌ಗಳು ಹೊಟ್ಟೆಯೊಳಗೆ ಹಾದು ಹೊರಬಂದಿರಬಹುದು. ನಾಲ್ಕು ತಿಂಗಳ ಮರಿ ಏನೇನು ತಿನ್ನುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನೊಂದು ವಿಷಯ ಏನೆಂದರೆ ಬಿಯೆನ್ಯೂಸಿ ಅನ್ನುವ ಒಂದೇ ಹೆಸರಿನ ಕೆಳಗೆ ನೂರಾರು ಜೀನೋಟೈಪ್‌ಗಳಿವೆ, ಅಂದರೆ ಡಿಎನ್‌ಎಯಲ್ಲಿ ವ್ಯತ್ಯಾಸ ಇರುವ ಒಳತಳಿಗಳು. ಕೆಲವು ಒಂದೊಂದು ಪ್ರಾಣಿಗೇ ಒಗ್ಗಿಕೊಂಡಿವೆ: ನಾಯಿಗಳಲ್ಲಿ ಪದೇಪದೇ ಸಿಗುವ ‘ಪಿಟಿಇಬಿ 9’ ಅಂಥದ್ದು, ಮನುಷ್ಯರ ಕಾಯಿಲೆಯಲ್ಲಿ ಅದರ ಪಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ‘ಡಿ’ ಅನ್ನುವ ಜೀನೋಟೈಪ್ ಮನುಷ್ಯರಲ್ಲೂ ಇದೆ, ಹಂದಿ, ನಾಯಿ, ಕಾಡುಪ್ರಾಣಿಗಳಲ್ಲೂ ಇದೆ. ಮಾಮೂಲಿ ಲ್ಯಾಬ್ ರಿಪೋರ್ಟ್ ಇದು ಯಾವುದು ಅಂತ ಹೇಳುವುದಿಲ್ಲ. ಅದಕ್ಕೆ ಡಿಎನ್‌ಎ ಸೀಕ್ವೆನ್ಸಿಂಗ್ ಬೇಕು, ಸಾಮಾನ್ಯವಾಗಿ ಸಂಶೋಧನಾ ಲ್ಯಾಬ್‌ಗಳಲ್ಲಷ್ಟೇ ಮಾಡುತ್ತಾರೆ. ಸಾಧ್ಯವಾದರೆ ಮಾಡಿಸಿ, ಆಗದಿದ್ದರೆ ‘ಹರಡುವ ಜಾತಿಯೇ ಇರಬಹುದು’ ಅಂತ ಇಟ್ಟುಕೊಂಡು ನಡೆದರೆ ಸಾಕು. ಜೀನೋಟೈಪ್ ಗೊತ್ತಾದರೂ ನೀವು ಮನೆಯಲ್ಲಿ ಮಾಡಬೇಕಾದ ಕೆಲಸ ಹೆಚ್ಚೇನೂ ಬದಲಾಗುವುದಿಲ್ಲ.

ಪ್ರಾಣಿಯಿಂದ ಮನುಷ್ಯರಿಗೆ ಬರುತ್ತದೆ ಅನ್ನುವುದು ನಿಜವಾ? ನಿಜ. ಪೆರುವಿನಲ್ಲಿ ಒಂದು ಮನೆಯ ಮಗುವಿನಲ್ಲೂ ಅದೇ ಮನೆಯ ಗಿನಿಪಿಗ್‌ಗಳಲ್ಲೂ ಒಂದೇ ಜೀನೋಟೈಪ್ ಸಿಕ್ಕಿತ್ತು, 2007ರಲ್ಲಿ ಅದು ಪ್ರಕಟವಾಯಿತು. ಆದರೆ ‘ಬರಬಹುದು’ ಮತ್ತು ‘ಸಾಮಾನ್ಯವಾಗಿ ಹೀಗೇ ಬರುತ್ತದೆ’ ಇವೆರಡೂ ಒಂದಲ್ಲ. ಇಲ್ಲೇ ಜನ ಎಡವುವುದು. ಬಿಯೆನ್ಯೂಸಿ ಮೊದಲು ಪತ್ತೆಯಾದದ್ದೇ ಮನುಷ್ಯರಲ್ಲಿ, 1985ರಲ್ಲಿ, ಏಡ್ಸ್ ರೋಗಿಯೊಬ್ಬರ ಕರುಳಿನಲ್ಲಿ. ಪ್ರಾಣಿಗಳಲ್ಲಿ, ಅಂದರೆ ಹಂದಿಗಳಲ್ಲಿ ಸಿಕ್ಕಿದ್ದು ಅದಾಗಿ ಹತ್ತು ವರ್ಷ ಕಳೆದ ಮೇಲೆ. ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ, ನೀರಿನಲ್ಲಿ ಬರುತ್ತದೆ, ಹಸಿ ತರಕಾರಿಯಲ್ಲಿ ಬರುತ್ತದೆ. 1995ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಸುಮಾರು ಇನ್ನೂರು ಜನರಿಗೆ ಮೈಕ್ರೋಸ್ಪೋರಿಡಿಯಾ ತಗಲಿದಾಗ ಅನುಮಾನ ಹೋದದ್ದು ಕುಡಿಯುವ ನೀರಿನ ಮೇಲೆ. 2009ರಲ್ಲಿ ಸ್ವೀಡನ್‌ನ ಒಂದು ಹೋಟೆಲಿನಲ್ಲಿ ಊಟ ಮಾಡಿದ ನೂರಕ್ಕೂ ಹೆಚ್ಚು ಜನರಿಗೆ ಭೇದಿ ಆಯಿತು, ಅಲ್ಲಿ ಬೆರಳು ತೋರಿಸಿದ್ದು ಹೆಚ್ಚಿಟ್ಟ ಸೌತೆಕಾಯಿಯ ಕಡೆ. ಆ ಹೋಟೆಲಿನ ಜನ ಆರೋಗ್ಯವಂತರೇ ಆಗಿದ್ದರು ಅನ್ನುವುದನ್ನೂ ಗಮನಿಸಿ. ಹಾಗಾಗಿ ನಾಯಿಯನ್ನು ಹೊರಗೆ ಹಾಕಿ, ಅಪ್ಪನಿಗೆ ಫಿಲ್ಟರ್ ನೀರು ಮತ್ತು ಹೊರಗಿನ ಸಲಾಡ್ ಕೊಡುತ್ತಾ ಹೋದರೆ ಏನೂ ಗಳಿಸಿದ ಹಾಗಾಗಲಿಲ್ಲ. ಇಷ್ಟು ಚಿಕ್ಕ ಸ್ಪೋರನ್ನು ಮನೆಯ ಫಿಲ್ಟರ್‌ಗಳೆಲ್ಲ ತಡೆಯುತ್ತವೆ ಅಂತ ನಂಬಬೇಡಿ. ಅಪ್ಪನ ನೀರು ಚೆನ್ನಾಗಿ ಕುದಿಸಿ ಆರಿಸಿದ್ದೇ ಆಗಿರಲಿ. ಹಾಲು ಕಾಯಿಸಿದ್ದಿರಲಿ. ತರಕಾರಿ ಬೇಯಿಸಿದ್ದಿರಲಿ, ಹಣ್ಣು ತೊಳೆದು ಸಿಪ್ಪೆ ಸುಲಿದದ್ದಿರಲಿ.

ನಿಮಗೆ, ನಿಮ್ಮ ಮನೆಯ ಉಳಿದ ದೊಡ್ಡವರಿಗೆ ಇದು ತಗಲಿದರೂ ಏನೂ ಆಗದೆ ಹೋಗಬಹುದು, ಏನಾದರೂ ಆದರೆ ಎರಡು ಮೂರು ವಾರ ನೀರುನೀರಾಗಿ ಭೇದಿ, ಆಮೇಲೆ ತಾನಾಗಿ ವಾಸಿ. ಮಗಳಿಗೂ ಹೆಚ್ಚುಕಡಿಮೆ ಹೀಗೇ. ಊಟ ತಿಂಡಿ ಸರಿಯಾಗಿ ಸೇರುತ್ತಿರುವ ಮಗು ಅಂದರೆ ನಾನು ಹೆದರುವುದಿಲ್ಲ. ಭೇದಿ ಎರಡು ವಾರ ದಾಟಿದರೆ, ತೂಕ ಇಳಿದರೆ ಮಾತ್ರ ಮಕ್ಕಳ ಡಾಕ್ಟರಿಗೆ ಈ ರಿಪೋರ್ಟ್ ತೋರಿಸಿ. ನಿಜಕ್ಕೂ ಕಾಟ ಕೊಡುವುದು ಇಮ್ಯುನಿಟಿ ಬಹಳ ಕುಸಿದವರಿಗೆ. ಎಚ್‌ಐವಿ ಇದ್ದು ರಕ್ತದಲ್ಲಿ ಸಿಡಿ4 ಅನ್ನುವ ಟಿ ಕೋಶಗಳ ಎಣಿಕೆ ನೂರಕ್ಕಿಂತ ಕೆಳಗೆ ಹೋದವರು, ಅಂಗಾಂಗ ಕಸಿಯಾದವರು, ಕೀಮೋ ತೆಗೆದುಕೊಳ್ಳುತ್ತಿರುವವರು. ಅಂಥವರಲ್ಲಿ ತಿಂಗಳುಗಟ್ಟಲೆ ಭೇದಿ ಹಿಡಿದು ದೇಹ ಸೊರಗಿಬಿಡುತ್ತದೆ.

ಇಲ್ಲಿ ಅಪ್ಪನ ವಿಷಯದಲ್ಲಿ ಒಂದು ಸಿಕ್ಕು ಇದೆ. ನಾನು ಪ್ರಾಣಿಗಳ ಡಾಕ್ಟರ್, ಅಪ್ಪನ ಚಿಕಿತ್ಸೆ ನಿರ್ಧರಿಸುವವನಲ್ಲ, ಆದರೆ ಇಂಥ ಮನೆಗಳವರ ಜೊತೆ, ಅವರ ಕಿಡ್ನಿ ಡಾಕ್ಟರುಗಳ ಜೊತೆ ಮಾತಾಡಿ ಗೊತ್ತಿರುವುದನ್ನು ಹೇಳುತ್ತೇನೆ. ಮೈಕೋಫಿನೋಲೇಟ್ ತೆಗೆದುಕೊಳ್ಳುವವರಿಗೆ ಆ ಔಷಧದಿಂದಲೇ ಭೇದಿ ಆಗುವುದುಂಟು. ನಾಳೆ ಅಪ್ಪನಿಗೆ ಭೇದಿ ಶುರುವಾದರೆ ಎಲ್ಲರೂ ಮೊದಲು ಮಾತ್ರೆಯನ್ನೇ ದೂರುತ್ತಾರೆ, ಮಲಪರೀಕ್ಷೆ ಮಾಡಿಸಿದರೂ ‘ಪರಾವಲಂಬಿ ಕಂಡುಬಂದಿಲ್ಲ’ ಅಂತ ಬರುತ್ತದೆ. ಯಾಕೆಂದರೆ ಮಾಮೂಲಿ ಮಲಪರೀಕ್ಷೆಯಲ್ಲಿ ಮೈಕ್ರೋಸ್ಪೋರಿಡಿಯಾ ಕಾಣುವುದೇ ಇಲ್ಲ. ಅದಕ್ಕೆ ಮಾಡಿಫೈಡ್ ಟ್ರೈಕ್ರೋಮ್ ಅನ್ನುವ ಬಣ್ಣ ಹಾಕಬೇಕು. ಆಗ ಗುಲಾಬಿ ಬಣ್ಣದ ಪುಟ್ಟ ಮೊಟ್ಟೆಯಾಕಾರ, ಕೆಲವುದರ ನಡುವೆ ಅಡ್ಡ ಪಟ್ಟಿ, ಹಾಗೆ ಕಾಣುತ್ತದೆ. ಅದನ್ನೂ ಕಣ್ಣು ಪಳಗಿದವರೇ ನೋಡಬೇಕು. ಕ್ಯಾಲ್ಕೋಫ್ಲೋರ್ ಅನ್ನುವ ಹೊಳೆಯುವ ಬಣ್ಣವೂ ಇದೆ, ಆದರೆ ಅದು ಸ್ಪೋರಿನ ಗೋಡೆಯಲ್ಲಿರುವ ಕೈಟಿನ್ ಅನ್ನುವ ವಸ್ತುವಿಗೆ ಅಂಟುವುದರಿಂದ ಮಲದಲ್ಲಿರುವ ಯೀಸ್ಟ್ ಕೂಡ ಹೊಳೆದು ಗೊಂದಲ ಮಾಡುತ್ತದೆ. ಜಾತಿ ಗೊತ್ತಾಗಬೇಕಾದರೆ ಪಿಸಿಆರ್. ಇದ್ಯಾವುದನ್ನೂ ಡಾಕ್ಟರ್ ಹೆಸರು ಹಿಡಿದು ಕೇಳದೆ ಲ್ಯಾಬ್‌ನವರು ಮಾಡುವುದಿಲ್ಲ.

ಅದಕ್ಕೇ ಈ ವಾರವೇ ಮಾಡಬೇಕಾದ ಕೆಲಸ ಅಂದರೆ ಈ ರಿಪೋರ್ಟಿನ ಪ್ರತಿಯನ್ನು ಅಪ್ಪನ ಕಸಿ ತಂಡಕ್ಕೆ ಕೊಟ್ಟು ಬರುವುದು. ಅಪ್ಪ ಈಗ ಆರಾಮಾಗಿದ್ದರೂ ಕೊಡಿ. ಮನೆಯಲ್ಲಿ ನಾಯಿ ಇದೆ, ಮೊಲ ಇದೆ, ನಾಯಿಗೆ ಹೀಗೆ ಬಂದಿದೆ ಅಂತ ಅವರ ಫೈಲಿನಲ್ಲಿ ಬರೆಸಿ. ಮುಂದೆ ಭೇದಿ ಆದರೆ ‘ನಾಳೆ ನೋಡೋಣ’ ಅಂತ ಕಾಯಬೇಡಿ. ಭೇದಿ ಆದಾಗ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರಿಬಿಡುತ್ತದೆ, ಅದು ಹೊಸ ಕಿಡ್ನಿಗೆ ಒಳ್ಳೆಯದಲ್ಲ. ಕಾರಣ ಮೈಕ್ರೋಸ್ಪೋರಿಡಿಯಾ ಆಗಿರಲಿ ಬಿಡಲಿ, ಬೇಗ ತೋರಿಸಬೇಕು. ನಿಮ್ಮಷ್ಟಕ್ಕೆ ನೀವೇ ಮೈಕೋಫಿನೋಲೇಟ್ ಕಮ್ಮಿ ಮಾಡುವುದು, ನಿಲ್ಲಿಸುವುದು ಮಾತ್ರ ಬೇಡವೇ ಬೇಡ.

ಔಷಧವೇ ಇಲ್ಲ ಅಂತ ಓದಿದ್ದೀರಿ. ಅರ್ಧ ನಿಜ. ಎನ್‌ಸೆಫಾಲಿಟೋಜೂನ್ ಜಾತಿಗಳಿಗೆ ಅಲ್ಬೆಂಡಜೋಲ್ ಅನ್ನುವ ಜಂತುಹುಳುವಿನ ಔಷಧ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಯೆನ್ಯೂಸಿಯ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಇದಕ್ಕೆ ಪರಿಣಾಮ ತೋರಿಸಿದ್ದು ಫ್ಯುಮಾಜಿಲಿನ್, ಒಂದು ಶಿಲೀಂಧ್ರದಿಂದ ತೆಗೆದದ್ದು. ಜೇನುನೊಣಗಳಿಗೆ ಬರುವ ನೊಸೀಮಾ ಅನ್ನುವ ಮೈಕ್ರೋಸ್ಪೋರಿಡಿಯಾಕ್ಕೆ ಜೇನು ಸಾಕುವವರು ಬಳಸುತ್ತಿದ್ದ ಔಷಧ ಅದು. 2002ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗದಲ್ಲಿ ಎಚ್‌ಐವಿ ಇದ್ದವರಿಗೂ ಕಸಿಯಾದವರಿಗೂ ಅದನ್ನು ಕೊಟ್ಟು ನೋಡಿದ್ದರು. ಸ್ಪೋರ್‌ಗಳು ಮಾಯವಾದವು, ಆದರೆ ರಕ್ತದ ಪ್ಲೇಟ್‌ಲೆಟ್ ಕುಸಿಯುವ ತೊಂದರೆ ಇತ್ತು, ಔಷಧ ನಿಲ್ಲಿಸಿದ ಮೇಲೆ ಸರಿಹೋಗುವಂಥದ್ದು. ಎಲ್ಲ ಕಡೆ ಸಿಗುವ ಔಷಧ ಅಲ್ಲ. ಎಚ್‌ಐವಿ ಇರುವವರಲ್ಲಿ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ) ಶುರುಮಾಡಿ ಇಮ್ಯುನಿಟಿ ಏರಿಸುವುದೇ ಮುಖ್ಯ ಚಿಕಿತ್ಸೆ. ಕಸಿಯಾದವರಲ್ಲಿ ಇಮ್ಯುನಿಟಿ ತಗ್ಗಿಸುವ ಔಷಧಿಯನ್ನು ಎಷ್ಟು ಇಳಿಸಬಹುದು ಅಂತ ಅಳೆದು ತೂಗಿ ನೋಡುತ್ತಾರೆ, ಯಾಕೆಂದರೆ ಜಾಸ್ತಿ ಇಳಿಸಿದರೆ ದೇಹ ಕಿಡ್ನಿಯನ್ನೇ ತಿರಸ್ಕರಿಸಬಹುದು.

ಹೀಗಿರುವಾಗ ಮನೆಯವರೆಲ್ಲ ಜಂತುಹುಳುವಿನ ಮಾತ್ರೆ ನುಂಗುವುದರಿಂದ ಏನು ಸಿಗುತ್ತದೆ? ಒಂದು ಅಲ್ಬೆಂಡಜೋಲ್ ಮಾತ್ರೆ ಬಿಯೆನ್ಯೂಸಿಯನ್ನು ಏನೂ ಮಾಡುವುದಿಲ್ಲ, ರೋಗವೇ ಇಲ್ಲದವರಿಗೆ ಕೊಡುವುದಂತೂ ಸುಮ್ನೆ ದಂಡ. ಅಪ್ಪನ ವಿಷಯದಲ್ಲಿ ಅದು ಬರೀ ದಂಡವಲ್ಲ, ಅಪಾಯ. ಅಲ್ಬೆಂಡಜೋಲ್ ಕೆಲವರಲ್ಲಿ ಲಿವರ್‌ಗೆ ತೊಂದರೆ ಕೊಡುತ್ತದೆ, ಅಪರೂಪಕ್ಕೆ ಮೂಳೆಮಜ್ಜೆಯಲ್ಲಿ ರಕ್ತಕಣ ಹುಟ್ಟುವುದನ್ನೇ ತಗ್ಗಿಸುತ್ತದೆ. ಮೈಕೋಫಿನೋಲೇಟ್ ಮೊದಲೇ ಅದೇ ಕೆಲಸ ಮಾಡುತ್ತಿರುತ್ತದೆ. ಕಸಿ ತಂಡ ಹೇಳದೆ ಅವರಿಗೆ ಒಂದು ಮಾತ್ರೆಯೂ ಬೇಡ. ಮರಿಗೂ ಬಿಯೆನ್ಯೂಸಿಗಾಗಿ ವಾರಗಟ್ಟಲೆ ಅಲ್ಬೆಂಡಜೋಲ್ ಹಾಕಬೇಡಿ. ನಾಯಿ ಬೆಕ್ಕುಗಳಲ್ಲಿ ಅದು ಮೂಳೆಮಜ್ಜೆಗೆ ಹೊಡೆತ ಕೊಟ್ಟ ಉದಾಹರಣೆಗಳಿವೆ. ನಾಯಿಯಲ್ಲಿ ಬಿಯೆನ್ಯೂಸಿಗೆ ಅಂತಲೇ ನಂಬಿ ಕೊಡಬಹುದಾದ ಔಷಧ ಸದ್ಯಕ್ಕಿಲ್ಲ.

ಇನ್ನು ನಾಯಿಯನ್ನು ಇಟ್ಟುಕೊಳ್ಳುವ ಮಾತು. ನಿಮ್ಮ ಅಣ್ಣ ಹೇಳುವುದರಲ್ಲಿ ಹುರುಳಿಲ್ಲ ಅಂತ ಅಲ್ಲ. ಕಸಿಯಾದ ಮೊದಲ ವರ್ಷದಲ್ಲಿ ಆರು ತಿಂಗಳಿಗಿಂತ ಚಿಕ್ಕ ಮರಿ, ಅದರಲ್ಲೂ ಭೇದಿ ಇರುವ ಮರಿ ಮನೆಗೆ ತರಬೇಡಿ ಅಂತಲೇ ಸಾಮಾನ್ಯವಾಗಿ ಹೇಳುವುದು. ಕಾರಣ ಮೈಕ್ರೋಸ್ಪೋರಿಡಿಯಾ ಅಲ್ಲ. ಭೇದಿ ಇರುವ ಮರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್, ಸಾಲ್ಮೊನೆಲ್ಲಾ, ಕ್ರಿಪ್ಟೋಸ್ಪೋರಿಡಿಯಮ್ ಅನ್ನುವ ಭೇದಿ ತರುವ ರೋಗಾಣುಗಳು ಇರುವ ಸಾಧ್ಯತೆ ಜಾಸ್ತಿ, ಇವು ಅಪ್ಪನಿಗೆ ಬಿಯೆನ್ಯೂಸಿಗಿಂತ ಹತ್ತಿರದ ಅಪಾಯ. ಮರಿಗೆ ಹಸಿ ಮಾಂಸ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ.

ನನ್ನನ್ನು ಕೇಳಿದರೆ ಮಧ್ಯದ ದಾರಿ ಇದೆ. ಮರಿಯ ಭೇದಿ ಪೂರ್ತಿ ನಿಲ್ಲುವ ತನಕ, ಅಂದರೆ ಮುಂದಿನ ಒಂದೆರಡು ತಿಂಗಳು, ಅದನ್ನು ನೆಂಟರ ಮನೆಯಲ್ಲೋ ಸ್ನೇಹಿತರ ಮನೆಯಲ್ಲೋ ಬಿಡಲು ಆಗುತ್ತದಾ ನೋಡಿ. ಅಲ್ಲಿಯೂ ಇಮ್ಯುನಿಟಿ ಕಮ್ಮಿ ಇರುವವರು ಇರಬಾರದು, ರಿಪೋರ್ಟ್ ಮುಚ್ಚಿಡಬಾರದು. ಅದು ಆಗದಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಿ, ಆದರೆ ಅಪ್ಪನ ಕೋಣೆ, ಅಡುಗೆಮನೆ ಎರಡೂ ಮರಿಗೆ ಬಂದ್. ಮಲ ಎತ್ತುವುದು, ಸ್ನಾನ ಮಾಡಿಸುವುದು, ಹಾಸಿಗೆ ಒಗೆಯುವುದು ಇದ್ಯಾವುದನ್ನೂ ಅಪ್ಪ ಮುಟ್ಟಬಾರದು. ಮರಿ ತನ್ನ ಹಿಂಭಾಗ ನೆಕ್ಕಿಕೊಂಡು ಅದೇ ನಾಲಿಗೆಯಲ್ಲಿ ಅಪ್ಪನ ಕೈ ನೆಕ್ಕುತ್ತದೆ, ಅಪ್ಪ ಅದೇ ಕೈಯಲ್ಲಿ ಮಾತ್ರೆ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಸೋಂಕು ಮನೆಯೊಳಗೆ ಹೋಗುವ ದಾರಿ ಇದು, ಗಾಳಿಯಲ್ಲಿ ಹಾರಿ ಬರುವುದಲ್ಲ. ಹಾಗಂತ ಮರಿಯನ್ನು ನೋಡಲೇಬಾರದು ಅಂತಿಲ್ಲ. ಪಕ್ಕದಲ್ಲಿ ಕೂತು ತಲೆ ಸವರಿ, ಆಮೇಲೆ ಸೋಪು ಹಾಕಿ ಕೈ ತೊಳೆದರೆ ಆಯಿತು.

ಮಲ ಬಿದ್ದ ಕೂಡಲೇ ಎತ್ತಬೇಕು, ಸಂಜೆ ಒಟ್ಟಿಗೆ ಎತ್ತುವುದಲ್ಲ. ದುಂಡುಹುಳುವಿನ ಮೊಟ್ಟೆ ಹೊರಬಿದ್ದು ಸೋಂಕು ತಗಲಿಸುವಷ್ಟು ಬಲಿಯಲು ಒಂದೆರಡು ವಾರವಾದರೂ ಬೇಕು, ಆದರೆ ಈ ಸ್ಪೋರ್‌ಗಳು ಹೊರಬಿದ್ದಾಗಲೇ ತಯಾರಾಗಿರುತ್ತವೆ, ತೇವ ಇದ್ದರೆ ವಾರಗಟ್ಟಲೆ ಬದುಕಿರುತ್ತವೆ. ಗ್ಲೌಸ್ ಹಾಕಿಕೊಂಡು ಎತ್ತಿ, ಮೊದಲು ಸೋಪು ನೀರಿನಲ್ಲಿ ಉಜ್ಜಿ, ಆಮೇಲೆ ಕುದಿಯುವ ನೀರು ಸುರಿಯಿರಿ. ನೆಲ ತಡೆಯದಿದ್ದರೆ ಬ್ಲೀಚ್ ದ್ರಾವಣ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಸ್ಯಾನಿಟೈಸರ್ ನೆಚ್ಚಿಕೊಳ್ಳಬೇಡಿ. ಲ್ಯಾಬಿನಲ್ಲಿ ಸ್ಪೋರ್‌ಗಳು ಆಲ್ಕೋಹಾಲಿಗೆ ಸಾಯುವುದು ನಿಮಿಷಗಟ್ಟಲೆ ಅದರಲ್ಲಿ ನೆನೆದ ಮೇಲೆ, ಕೈಯಲ್ಲಿ ಅದು ಅರ್ಧ ನಿಮಿಷದಲ್ಲಿ ಆರಿಹೋಗುತ್ತದೆ. ಕ್ರಿಪ್ಟೋಸ್ಪೋರಿಡಿಯಮ್‌ಗಂತೂ ಅದು ಲೆಕ್ಕಕ್ಕೇ ಇಲ್ಲ. ಸೋಪು, ಹರಿಯುವ ನೀರು. ಮಗಳಿಗೂ ಇದೇ ಅಭ್ಯಾಸ ಮಾಡಿಸಿ, ಅವಳೇ ಮರಿಯ ಜೊತೆಗೂ ತಾತನ ಜೊತೆಗೂ ಜಾಸ್ತಿ ಆಡುವವಳು.

ಮೊಲದ ಬಗ್ಗೆ ನೀವು ಒಂದೇ ಮಾತು ಬರೆದಿದ್ದೀರಿ. ನನಗೆ ನಾಯಿಯಷ್ಟೇ ಅದರ ಮೇಲೂ ಗಮನ. ಮೊಲಗಳಲ್ಲಿ ಎನ್‌ಸೆಫಾಲಿಟೋಜೂನ್ ಕ್ಯೂನಿಕ್ಯುಲೈ ಅನ್ನುವ ಮೈಕ್ರೋಸ್ಪೋರಿಡಿಯಾ ಬಹಳ ಸಾಮಾನ್ಯ. ಇದು ಕರುಳಿನಲ್ಲಿ ನಿಲ್ಲದೆ ಕಿಡ್ನಿ, ಮಿದುಳು, ಕಣ್ಣಿಗೆ ಹೋಗುತ್ತದೆ, ಸ್ಪೋರ್ ಹೊರಬರುವುದು ಮುಖ್ಯವಾಗಿ ಮೂತ್ರದಲ್ಲಿ. ತಲೆ ಒಂದು ಕಡೆ ವಾಲುವುದು, ಹಿಂಗಾಲು ಸೋಲುವುದು, ಕಣ್ಣಿನಲ್ಲಿ ಬಿಳಿ ಪೊರೆ, ಇವು ಲಕ್ಷಣಗಳು. ಆದರೆ ಸೋಂಕು ಇರುವ ಎಷ್ಟೋ ಮೊಲಗಳು ನೋಡಲು ಚೆನ್ನಾಗೇ ಇರುತ್ತವೆ. ರಕ್ತದಲ್ಲಿ ಆಂಟಿಬಾಡಿ ಇದೆ ಅಂದ ಮಾತ್ರಕ್ಕೆ ಈಗ ಸ್ಪೋರ್ ಹೊರಹಾಕುತ್ತಿದೆ ಅಂತಲ್ಲ, ಹಿಂದೆ ಯಾವಾಗಲೋ ತಗಲಿರಬಹುದು. ಲಕ್ಷಣ ಇದ್ದರೆ 28 ದಿನ ಫೆನ್‌ಬೆಂಡಜೋಲ್ ಕೊಡುವುದು ರೂಢಿ. ಮನುಷ್ಯರಲ್ಲಿ ಇದು ಅಪರೂಪ, ಆದರೂ ಸ್ವಿಟ್ಜರ್ಲೆಂಡಿನ ಎಚ್‌ಐವಿ ರೋಗಿಗಳಲ್ಲಿ ಮೊಲದ ತಳಿಯೇ ಸಿಕ್ಕಿತ್ತು. ಅಮೆರಿಕದಲ್ಲಿ ಒಬ್ಬರೇ ದಾನಿಯ ಅಂಗಾಂಗ ಪಡೆದ ಮೂವರಿಗೆ ಕ್ಯೂನಿಕ್ಯುಲೈ ತಗಲಿದ್ದು 2014ರಲ್ಲಿ ವರದಿಯಾಗಿದೆ. ಹಾಗಾಗಿ ಮೊಲದ ಗೂಡು ಗುಡಿಸುವುದು, ಮೂತ್ರ ಬಿದ್ದ ಹಾಸು ಬದಲಿಸುವುದು ಅಪ್ಪನ ಕೆಲಸ ಆಗಬಾರದು. ಅಪ್ಪನಿಗೆ ಕಾರಣ ಗೊತ್ತಾಗದ ಜ್ವರ ಬಂದರೆ ಡಾಕ್ಟರಿಗೆ ಮೊಲದ ವಿಷಯ ನೆನಪಿಸಿ. ಭೇದಿ ಇಲ್ಲದೆ ಬರೀ ಜ್ವರ, ಕೆಮ್ಮು, ಕಿಡ್ನಿ ತೊಂದರೆ ಆಗಿಯೂ ಇದು ಬರಬಹುದು.

ಕೊನೆಗೆ ಮರುಪರೀಕ್ಷೆ. ಜಿಯಾರ್ಡಿಯಾ ಚಿಕಿತ್ಸೆ ಮುಗಿದು ಎರಡು ಮೂರು ವಾರ ಬಿಟ್ಟು ಮರಿಯ ಮಲ ಮತ್ತೆ ಕಳಿಸಿ. ಬಿಯೆನ್ಯೂಸಿ ದಿನಾ ಒಂದೇ ಸಮ ಹೊರಬರುವುದಿಲ್ಲ, ಬಿಟ್ಟುಬಿಟ್ಟು ಬರುತ್ತದೆ. ಒಂದು ಸಲ ನೆಗೆಟಿವ್ ಬಂದರೆ ಹೋಯಿತು ಅನ್ನಲಾಗದು, ಬೇರೆ ಬೇರೆ ದಿನದ ಮೂರು ಮಾದರಿ ಕೊಡಿ. ಮೂರೂ ನೆಗೆಟಿವ್ ಇದ್ದು ಮಲ ಗಟ್ಟಿಯಾಗಿದ್ದರೆ ಮರಿಯನ್ನು ಮನೆಯೊಳಗೆ ಮಾಮೂಲಿಯಾಗಿ ಓಡಾಡಲು ಬಿಡಬಹುದು, ಮಲ ಎತ್ತುವ ಕೆಲಸ ಮಾತ್ರ ಆಗಲೂ ನಿಮ್ಮದೇ. ಮತ್ತೆ ಪಾಸಿಟಿವ್ ಬಂದು, ಮರಿ ಚೆನ್ನಾಗಿದ್ದರೆ ಚಿಕಿತ್ಸೆಗೆ ಕೈಹಾಕದೆ ಮೇಲಿನ ವ್ಯವಸ್ಥೆಯನ್ನೇ ಮುಂದುವರಿಸಿ. ಅಪ್ಪನಿಗೆ ಕಿಡ್ನಿ ತಿರಸ್ಕಾರದ ಲಕ್ಷಣ ಕಂಡು ಸ್ಟೀರಾಯ್ಡ್ ಡೋಸ್ ಏರಿಸಬೇಕಾಗಿ ಬಂದರೆ ಮಾತ್ರ ಆ ಕೆಲವು ವಾರ ಮರಿ, ಮೊಲ ಎರಡನ್ನೂ ಬೇರೆ ಕಡೆ ಇಡಿ. ಆ ಮಾತನ್ನು ಕಸಿ ತಂಡದವರ ಹತ್ತಿರ ಈಗಲೇ ಆಡಿಟ್ಟುಕೊಳ್ಳಿ, ಅವರು ಯಾವ ಹಂತದಲ್ಲಿ ಬೇಡ ಅನ್ನುತ್ತಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.